ಮೇರಿ ಕಸಾಟ್ ಬರೆದ ಮರಳಾಟ

ಕಡಲತೀರದ ಚಿತ್ರವೆಂದರೆ ಮೊದಲು ಕಡಲು ಕಾಣಬೇಕಲ್ಲವೇ? ಮೇರಿ ಕಸಾಟ್ 1884ರಲ್ಲಿ ಬರೆದ ‘ಕಡಲತೀರದಲ್ಲಿ ಆಡುತ್ತಿರುವ ಮಕ್ಕಳು’ ಚಿತ್ರದಲ್ಲಿ ಸಮುದ್ರವೂ ಹಾಯಿದೋಣಿಗಳೂ ತೆಳುಬಣ್ಣದಲ್ಲಿ ಮೇಲಂಚಿಗೆ ಸರಿದಿವೆ. ಉಳಿದ ಜಾಗವೆಲ್ಲ ಮರಳಲ್ಲಿ ಕೂತ ಇಬ್ಬರು ಪುಟ್ಟ ಹುಡುಗಿಯರದು. ನಾವು ಸ್ವಲ್ಪ ಬಾಗಿ ನೋಡುತ್ತಿದ್ದೇವೆ. ಅವರಿಗೆ ನಮ್ಮ ಗೊಡವೆಯೇ ಇಲ್ಲ.

ಮುಂದಿರುವವಳ ಕೆನ್ನೆ ಕೆಂಪೇರಿದೆ. ಗುಂಡುಗುಂಡಾದ ತೋಳು ಚಾಚಿ, ಪುಟ್ಟ ಸಲಿಕೆಯ ಹಿಡಿಯನ್ನು ಬಿಗಿಯಾಗಿ ಹಿಡಿದಿದ್ದಾಳೆ. ಪಕ್ಕದಲ್ಲೇ ಬಕೆಟ್ಟು. ಎಳೆಯ ಕೈಗೆ ಆ ಕೆಲಸ ಎಷ್ಟು ಭಾರ ಎಂಬುದು ಹಿಡಿತದಲ್ಲೇ ತಿಳಿಯುತ್ತದೆ. ನೀಲಿ ಫ್ರಾಕಿನ ಮೇಲಿನ ಬಿಳಿಯನ್ನು ಹತ್ತಿರದಿಂದ ನೋಡಿದರೆ ಅದು ಬರೀ ಬಿಳಿಯಲ್ಲ. ನೆರಳು ಬಿದ್ದಲ್ಲೆಲ್ಲ ನೀಲಿ, ಬೂದು. ಕುಂಚದ ಗುರುತು ಎದ್ದು ಕಾಣುತ್ತದೆ, ಆದರೂ ಬಟ್ಟೆಯ ಮಡಿಕೆ ಎಲ್ಲೂ ತಪ್ಪಿಲ್ಲ.

ಇನ್ನೊಬ್ಬಳ ಮುಖವನ್ನು ಟೋಪಿಯೇ ನುಂಗಿದೆ. ಮುದ್ದು ಮುಖ ಬರೆದು ಮೆಚ್ಚುಗೆ ಗಳಿಸುವುದು ಸುಲಭವಿತ್ತು, ಕಸಾಟ್ ಅದನ್ನು ಬಿಟ್ಟುಕೊಟ್ಟಳು. ನನಗಂತೂ ಈ ಧೈರ್ಯವೇ ಹೆಚ್ಚು ಇಷ್ಟ.

ಅಮೆರಿಕದಲ್ಲಿ ಹುಟ್ಟಿ ಪ್ಯಾರಿಸ್‌ನಲ್ಲಿ ನೆಲೆಸಿದ್ದ ಆಕೆ ಈ ಚಿತ್ರವನ್ನು 1886ರಲ್ಲಿ, ಇಂಪ್ರೆಷನಿಸ್ಟರ ಎಂಟನೆಯ ಹಾಗೂ ಕೊನೆಯ ಪ್ರದರ್ಶನದಲ್ಲಿ ತೂಗುಹಾಕಿದಳು. ಈಗ ಅದು ವಾಷಿಂಗ್ಟನ್ನಿನ ನ್ಯಾಷನಲ್ ಗ್ಯಾಲರಿ ಆಫ್ ಆರ್ಟ್‌ನಲ್ಲಿದೆ.