ಜಾತ್ರೆಯ ಟ್ರ್ಯಾಕ್ಟರು, ಮನೆಯ ಕಾರು

ಬೆಳಗಾವಿ ಜಿಲ್ಲೆಯ ಕಬ್ಬಿನ ಸೀಮೆಯ ಜಾತ್ರೆಗಳಲ್ಲಿ ಎತ್ತಿನ ಗಾಡಿ, ಕುದುರೆ ಗಾಡಿ ಶರ್ಯತ್ತುಗಳ ಪಕ್ಕದಲ್ಲಿ ಟ್ರ್ಯಾಕ್ಟರೂ ಜಾಗ ಮಾಡಿಕೊಂಡಿದೆ. ಟ್ರೇಲರ್ ಜೋಡಿಸಿದ ಟ್ರ್ಯಾಕ್ಟರನ್ನು ಗುರುತು ಹಾಕಿದ ದಾರಿಯಲ್ಲಿ ಹಿಮ್ಮುಖವಾಗಿ ಓಡಿಸಬೇಕು. ಎಡಬಲದ ಗುರುತು ಮುಟ್ಟದೆ, ಎಲ್ಲರಿಗಿಂತ ಕಡಿಮೆ ಹೊತ್ತಿನಲ್ಲಿ ಮುಗಿಸಿದವರಿಗೆ ಬಹುಮಾನ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳ ಯುವಕರು ಕಾರು ಓಟದ ವಿಡಿಯೊ ನೋಡಿ, ಅದೆಲ್ಲ ದುಡ್ಡಿದ್ದವರ ಆಟ ಎಂದು ಸುಮ್ಮನಾಗುತ್ತಾರೆ. ಆದರೆ ದಿನಬಳಕೆಯ ವಾಹನದಲ್ಲಿ, ಕಡಿಮೆ ಖರ್ಚಿನಲ್ಲಿ ಆಡುವ ಮೋಟಾರು ಕ್ರೀಡೆಯ ಮೂಲ ಗುಣಗಳೆಲ್ಲ ಅವರ ಊರ ಜಾತ್ರೆಯಲ್ಲೇ ಇವೆ. ಅದರಲ್ಲಿ ಉಳಿಸಿಕೊಳ್ಳಬೇಕಾದದ್ದು ಯಾವುದು, ಬಿಡಬೇಕಾದದ್ದು ಯಾವುದು ಎಂದು ಕೂತು ನೋಡುವ ಕೆಲಸ ಮಾತ್ರ ಈವರೆಗೆ ಸರಿಯಾಗಿ ಆಗಿಲ್ಲ.

ಮೊದಲು ಆ ಸ್ಪರ್ಧೆಯ ಕಸುಬನ್ನು ಹತ್ತಿರದಿಂದ ನೋಡಬೇಕು. ಟ್ರೇಲರ್ ಒಂದು ಪಿನ್ನಿನ ಮೇಲೆ ತಿರುಗುತ್ತದೆ. ಹಿಂದಕ್ಕೆ ಹೋಗುವಾಗ ಅದು ಬಲಕ್ಕೆ ಸರಿಯಬೇಕಾದರೆ ಸ್ಟೇರಿಂಗನ್ನು ಮೊದಲು ಎಡಕ್ಕೆ ತಿರುಗಿಸಬೇಕು. ಟ್ರೇಲರ್ ಮಾತು ಕೇಳಿತು ಅನ್ನುವಷ್ಟರಲ್ಲಿ ಅದನ್ನು ಮರಳಿ ಬಲಕ್ಕೆ ತಂದು, ಟ್ರ್ಯಾಕ್ಟರನ್ನು ಟ್ರೇಲರಿನ ಬೆನ್ನು ಹತ್ತಿಸಬೇಕು. ಒಂದು ಕ್ಷಣ ತಡವಾದರೆ ಎರಡರ ನಡುವಿನ ಮೂಲೆ ಕಿರಿದಾಗಿ ಗಾಡಿ ಮಡಚಿಕೊಳ್ಳುತ್ತದೆ. ಆಮೇಲೆ ಮುಂದಕ್ಕೆ ಎಳೆಯದೆ ಬೇರೆ ದಾರಿಯಿಲ್ಲ. ನಾಲ್ಕು ಗಾಲಿಯ ಟ್ರೇಲರಾದರೆ ಅದರ ಮುಂದಿನ ಅಚ್ಚೂ ಬೇರೆಯಾಗಿ ತಿರುಗುವುದರಿಂದ ಲೆಕ್ಕ ಇಮ್ಮಡಿ ಕಠಿಣ. ಚಾಲಕ ಅರ್ಧ ಮೈ ಹಿಂದಕ್ಕೆ ತಿರುಗಿಸಿ, ಒಂದು ಕೈಯಲ್ಲಿ ಮಡ್‌ಗಾರ್ಡ್ ಹಿಡಿದು, ಇನ್ನೊಂದರಲ್ಲಿ ಸ್ಟೇರಿಂಗ್ ಆಡಿಸುತ್ತಾನೆ. ಕಣ್ಣು ಟ್ರೇಲರಿನ ಮೂಲೆಯ ಮೇಲಿರುತ್ತದೆ, ಕಾಲು ಕ್ಲಚ್ಚಿನ ಮೇಲೆ.

ಈ ಕೈಚಳಕ ಶಾಲೆಯಲ್ಲಿ ಕಲಿತದ್ದಲ್ಲ. ಉಗಾರ, ಕೆಂಪವಾಡ, ಕೊಕಟನೂರು, ಚಿಕ್ಕೋಡಿ, ನಿಪ್ಪಾಣಿ, ರಾಯಬಾಗಗಳ ಸಕ್ಕರೆ ಕಾರ್ಖಾನೆಗಳಿಗೆ ಹಂಗಾಮಿನುದ್ದಕ್ಕೂ ಕಬ್ಬು ಹೊತ್ತು ಹೋಗುವ ಚಾಲಕರು ಇಕ್ಕಟ್ಟಾದ ಹೊಲದ ದಾರಿಯಲ್ಲಿ, ಕಾರ್ಖಾನೆಯ ಯಾರ್ಡಿನಲ್ಲಿ ರಾತ್ರಿ ಹೊತ್ತು ಇದನ್ನು ರೂಢಿಸಿಕೊಂಡವರು. ಕೆಲಸದ ಕೌಶಲವೇ ಆಟವಾಗಿರುವುದು ಈ ಸ್ಪರ್ಧೆಯ ಮೊದಲ ಹಿರಿಮೆ.

ಎರಡನೆಯದು ನ್ಯಾಯ. ಇಲ್ಲಿ ಕುದುರೆಶಕ್ತಿ ಹೆಚ್ಚಿದ್ದವರು ಗೆಲ್ಲುವುದಿಲ್ಲ. ಸಾಲದ ಕಂತು ಕಟ್ಟುತ್ತಿರುವ ಹಳೆಯ ಟ್ರ್ಯಾಕ್ಟರೂ ಹೊಸ ಟ್ರ್ಯಾಕ್ಟರಿನ ಸಮಕ್ಕೆ ನಿಲ್ಲುತ್ತದೆ. ವೇಗ ಕಡಿಮೆ, ಕಣ ಸಣ್ಣದು, ಗಾಡಿಗೆ ಪೆಟ್ಟಾಗುವ ಸಂಭವವೂ ಕಡಿಮೆ. ಮರುದಿನ ಅದೇ ಟ್ರ್ಯಾಕ್ಟರು ಹೊಲಕ್ಕೆ ಹೋಗುತ್ತದೆ. ಹಲವು ದೇಶಗಳಲ್ಲಿ ಹವ್ಯಾಸಿ ಕಾರು ಕ್ರೀಡೆಯ ಮೊದಲ ಮೆಟ್ಟಿಲಾಗಿರುವ ಆಟೊಕ್ರಾಸ್ ನಿಂತಿರುವುದು ಇದೇ ತತ್ವದ ಮೇಲೆ. ಬಯಲಿನಲ್ಲಿ ಕೋನುಗಳನ್ನಿಟ್ಟು ಅಂಕುಡೊಂಕಿನ ದಾರಿ ಮಾಡುತ್ತಾರೆ. ಒಂದೊಂದೇ ಕಾರು ಬಿಡುತ್ತಾರೆ. ಗಡಿಯಾರ ನೋಡುತ್ತಾರೆ, ಕೋನು ಬಿದ್ದರೆ ದಂಡದ ಸೆಕೆಂಡು ಕೂಡಿಸುತ್ತಾರೆ. ಎರಡು ಕಾರು ಪಕ್ಕಪಕ್ಕದಲ್ಲಿ ಓಡುವುದೇ ಇಲ್ಲವಾದ್ದರಿಂದ ಡಿಕ್ಕಿಯ ಭಯ ಬಹಳ ಮಟ್ಟಿಗೆ ಇಲ್ಲ.

ಜಾತ್ರೆಯ ಇನ್ನೊಂದು ಟ್ರ್ಯಾಕ್ಟರ್ ಆಟದ ಬಗ್ಗೆ ಇಷ್ಟು ಒಳ್ಳೆಯ ಮಾತು ಹೇಳಲಾಗದು. ಎರಡು ಟ್ರ್ಯಾಕ್ಟರುಗಳನ್ನು ಬೆನ್ನಿಗೆ ಬೆನ್ನು ಸರಪಳಿ ಕಟ್ಟಿ ಎಳೆಸುವ ಜಗ್ಗಾಟ ನೋಡಲು ರೋಮಾಂಚಕ, ಆದರೆ ಅದರೊಳಗೇ ಸಾವಿನ ಅಪಾಯ ಕೂತಿದೆ. ಹಿಂದಿನ ಗಾಲಿ ತಿರುಗಲಾರದೆ ಕಚ್ಚಿ ನಿಂತಾಗ ಎಂಜಿನ್ನಿನ ಬಲ ಸುಮ್ಮನಿರುವುದಿಲ್ಲ. ಅಚ್ಚಿನ ಸುತ್ತ ಇಡೀ ಗಾಡಿಯನ್ನೇ ಮೇಲೆತ್ತುತ್ತದೆ. ಮುಂದಿನ ಗಾಲಿ ಗಾಳಿಗೆದ್ದಾಗ ಜನ ಕೇಕೆ ಹಾಕುತ್ತಾರೆ. ಸರಪಳಿಯನ್ನು ಕೊಂಚ ಎತ್ತರಕ್ಕೆ ಕಟ್ಟಿದ್ದರೆ ಟ್ರ್ಯಾಕ್ಟರು ಚಾಲಕನ ಮೇಲೆಯೇ ಮಗುಚಲು ಕಣ್ಣು ಮಿಟುಕಿಸುವಷ್ಟು ಹೊತ್ತು ಸಾಕು. ನಮ್ಮ ಹೆಚ್ಚಿನ ಟ್ರ್ಯಾಕ್ಟರುಗಳಲ್ಲಿ ಮಗುಚಿದಾಗ ಚಾಲಕನನ್ನು ಕಾಯುವ ಕಬ್ಬಿಣದ ಚೌಕಟ್ಟೂ ಇಲ್ಲ. ಸರಪಳಿ ಹರಿದರೆ ಅದು ಬೀಸುವುದು ನೋಡುತ್ತ ನಿಂತವರ ಕಡೆಗೆ. ಇದನ್ನು ಕ್ರೀಡೆ ಎಂದು ಬೆಳೆಸುವುದಕ್ಕೆ ಯಾವ ಸಮರ್ಥನೆಯೂ ಇಲ್ಲ.

ಹಿಮ್ಮುಖ ಓಟಕ್ಕೂ ಕೊರತೆಗಳಿವೆ. ಊರಿಂದೂರಿಗೆ ನಿಯಮ ಬೇರೆ, ದಾರಿಯ ಉದ್ದ ಬೇರೆ. ಹೀಗಾಗಿ ಐನಾಪುರದಲ್ಲಿ ಗೆದ್ದವನ ಸಮಯವನ್ನು ಯಕ್ಸಂಬಾದವನ ಸಮಯದೊಂದಿಗೆ ಹೋಲಿಸಲಾಗದು. ದಾಖಲೆ ಇಡುವವರಿಲ್ಲ. ಚಾಲಕನಿಗೆ ಹೆಲ್ಮೆಟ್ ಇಲ್ಲ, ಜನರಿಗೆ ಬೇಲಿ ಇಲ್ಲ. ಮಹಿಳೆಯರು ಕಣದಲ್ಲಿ ಕಾಣುವುದು ಅಪರೂಪ. ಬಹುಮಾನದ ಹಣ ಹಂಚಿಯಾದ ಮೇಲೆ ಸ್ಪರ್ಧೆ ಮುಗಿಯಿತು. ಗೆದ್ದವರಿಗೆ ಮುಂದಿನ ಮೆಟ್ಟಿಲೆಂಬುದಿಲ್ಲ.

ನಿಯಮ ಬಂದರೆ ಆಟದ ಸೊಗಸು ಹೋಗುತ್ತದೆ ಎನ್ನುವವರು ಎತ್ತಿನ ಗಾಡಿ ಶರ್ಯತ್ತಿನ ಇತಿಹಾಸ ನೆನೆಯಬೇಕು. 2014ರ ಮೇ 7ರ ಸುಪ್ರೀಂ ಕೋರ್ಟ್ ತೀರ್ಪಿನಿಂದ ಅದು ನಿಂತಿತು. ಕರ್ನಾಟಕ ಕಾನೂನಿಗೆ ತಿದ್ದುಪಡಿ ತಂದು ಕಂಬಳ ಮತ್ತು ಎತ್ತಿನ ಗಾಡಿ ಓಟಕ್ಕೆ ಷರತ್ತಿನ ಅವಕಾಶ ಕೊಟ್ಟಿತು. 2023ರ ಮೇ 18ರಂದು ಸಂವಿಧಾನ ಪೀಠ ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಬರೆದಿಟ್ಟ ಷರತ್ತುಗಳಿದ್ದದ್ದರಿಂದಲೇ ಆ ಆಟ ಉಳಿಯಿತು.

ಇನ್ನು ಕಾರಿನ ಮಾತು. ಭಾರತದಲ್ಲಿ ಮೋಟಾರು ಕ್ರೀಡೆಯನ್ನು ನಡೆಸುವ ಮಾನ್ಯ ಸಂಸ್ಥೆ ಚೆನ್ನೈನಲ್ಲಿ ಕೇಂದ್ರ ಕಚೇರಿಯಿರುವ ಎಫ್‌ಎಂಎಸ್‌ಸಿಐ. ಅದರ ಅಡಿಯಲ್ಲಿ ಹೊಸಬರಿಗೆ ಎರಡು ಅಗ್ಗದ ಬಾಗಿಲುಗಳಿವೆ. ಒಂದು ಆಗಲೇ ಹೇಳಿದ ಆಟೊಕ್ರಾಸ್. ಇನ್ನೊಂದು ಟಿಎಸ್‌ಡಿ ರ್ಯಾಲಿ, ಅಂದರೆ ಸಮಯ, ವೇಗ, ದೂರಗಳ ಲೆಕ್ಕದ ಓಟ. ಇಲ್ಲಿ ಜೋರಾಗಿ ಓಡಿಸಿದವರಿಗೂ ದಂಡ. ಸಂಘಟಕರು ಕೊಟ್ಟ ಸರಾಸರಿ ವೇಗದಲ್ಲಿ ಹೋಗಿ, ಎಲ್ಲಿದೆಯೆಂದು ಗೊತ್ತಿಲ್ಲದ ತಪಾಸಣೆ ಠಾಣೆಗೆ ಸೆಕೆಂಡಿನ ಲೆಕ್ಕದಲ್ಲಿ ಸರಿಯಾಗಿ ಮುಟ್ಟಬೇಕು.

ರಾಯಬಾಗದ ಕಡೆಯಿಂದ ಬಂದು ಕುಡಚಿಯ ಬಳಿ ಕೃಷ್ಣೆ ದಾಟಿ ಉಗಾರದ ಮೇಲೆ ಸಾಗುವ 18 ಕಿ.ಮೀ. ಹಂತವೊಂದನ್ನು ಊಹಿಸಿಕೊಳ್ಳಬಹುದು. ಗಂಟೆಗೆ 36 ಕಿ.ಮೀ. ಸರಾಸರಿ ಎಂದರೆ 100 ಸೆಕೆಂಡಿಗೆ ಒಂದು ಕಿಲೋಮೀಟರು, ಒಟ್ಟು 30 ನಿಮಿಷ. 12 ಕಿ.ಮೀ. ಆದಾಗ ಮುಂದೆ ಎರಡು ಟ್ರೇಲರ್ ಎಳೆಯುವ ಕಬ್ಬಿನ ಟ್ರ್ಯಾಕ್ಟರು ಅಡ್ಡ ಬಂದು ಎರಡು ನಿಮಿಷ ಕಳೆಯಿತೆನ್ನಿ. ಉಳಿದ 6 ಕಿ.ಮೀ.ಗೆ ಇರುವುದು ಈಗ 8 ನಿಮಿಷ. ಸರಾಸರಿ 45ಕ್ಕೆ ಏರಬೇಕು. ಪಕ್ಕದಲ್ಲಿ ಕೂತ ಸಹಚಾಲಕ ಈ ಲೆಕ್ಕ ಮಾಡಿ ಹೇಳಬೇಕು, ಅದೂ ದಾರಿಯ ವಿವರ ಬರೆದ ರೋಡ್‌ಬುಕ್ಕಿನ ಮುಂದಿನ ತಿರುವು ತಪ್ಪದಂತೆ. ಜತೆಗೆ ಕಾರಿನ ಮೀಟರು ಸಂಘಟಕರ ಮೀಟರಿಗೆ ಹೊಂದುವುದಿಲ್ಲ. ಅವರ 10 ಕಿ.ಮೀ. ನಮ್ಮ ಮೀಟರಿನಲ್ಲಿ 10.2 ಎಂದು ಬಿದ್ದರೆ, 50 ಕಿ.ಮೀ. ಮುಗಿಯುವ ಹೊತ್ತಿಗೆ ಒಂದು ಕಿಲೋಮೀಟರಿನ ವ್ಯತ್ಯಾಸ, ಅಂದರೆ 100 ಸೆಕೆಂಡಿನ ದಂಡ. ಇದನ್ನು ಮೊದಲೇ ಅಳೆದು ಸರಿಪಡಿಸಿಕೊಳ್ಳಲು ಬೇಕಾದದ್ದು ಒಂದು ಪೆನ್ನು, ಒಂದು ಕ್ಯಾಲ್ಕುಲೇಟರು. ಕಾರು ಆಲ್ಟೊ, ಸ್ವಿಫ್ಟ್, ಬೊಲೆರೊ ಯಾವುದಾದರೂ ಆದೀತು.

ಈ ಕ್ರೀಡೆಯಲ್ಲಿ ಸ್ವಂತ ಕಾರಿಲ್ಲದವರಿಗೂ ಸೀಟಿದೆ. ಕಾಸರಗೋಡು ಜಿಲ್ಲೆಯ ಮೊಗ್ರಾಲಿನ ಮೂಸಾ ಶರೀಫ್ ಸಹಚಾಲಕರಾಗಿಯೇ ಹಲವು ಬಾರಿ ರಾಷ್ಟ್ರೀಯ ರ್ಯಾಲಿ ಪ್ರಶಸ್ತಿ ಗೆದ್ದವರು. ಗಣಿತ ಚೆನ್ನಾಗಿರುವ, ವಾಂತಿ ಬಾರದೆ ಓಡುವ ಕಾರಿನಲ್ಲಿ ಓದಬಲ್ಲ ಹುಡುಗಿಗೋ ಹುಡುಗನಿಗೋ ಇದಕ್ಕಿಂತ ಅಗ್ಗದ ಪ್ರವೇಶವಿಲ್ಲ.

ಆಟೊಕ್ರಾಸಿಗೂ ಕಾರನ್ನು ಮಾರ್ಪಡಿಸುವ ಅಗತ್ಯವಿಲ್ಲ. ಸದ್ದು ಮಾಡುವ ಸೈಲೆನ್ಸರಿಗೆ, ಅಗಲದ ಅಲಾಯ್ ಗಾಲಿಗೆ ದುಡ್ಡು ಸುರಿಯುವುದು ಹೊಸಬರು ಮಾಡುವ ದೊಡ್ಡ ದಂಡದ ಖರ್ಚು. ಮೊದಲ ಹಣ ಹೋಗಬೇಕಾದದ್ದು ಬ್ರೇಕಿಗೆ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಹಳೆಯದಾದಂತೆ ಅದು ಬೇಗ ಕುದಿಯುತ್ತದೆ, ಗುಳ್ಳೆಯಾಗುತ್ತದೆ, ಪೆಡಲ್ ಸ್ಪಂಜಿನಂತೆ ಒಳಗಿಳಿಯುತ್ತದೆ. ಹೊಸ ಆಯಿಲ್, ಸವೆಯದ ಪ್ಯಾಡ್, ಬಿರುಕಿಲ್ಲದ ಟೈರು, ಅಲುಗಾಡದ ಬ್ಯಾಟರಿ ಇಷ್ಟು ಇರಲಿ. ಡಿಕ್ಕಿಯ ಸಾಮಾನು ಕೆಳಗಿಳಿಸಿ, ಚಾಲಕನ ಕಾಲಡಿಯ ಮ್ಯಾಟ್ ತೆಗೆದಿಡಬೇಕು. ಅದು ಪೆಡಲಿನಡಿ ಸಿಕ್ಕಿಕೊಂಡರೆ ಬ್ರೇಕೇ ಒತ್ತದು. ಉಳಿದದ್ದು ಒಳ್ಳೆಯ ಹೆಲ್ಮೆಟ್ ಮತ್ತು ಅಭ್ಯಾಸ. ಮುಂದಿನ ಗಾಲಿಯಿಂದ ಎಳೆಯುವ ಕಾರು ತಿರುವಿನಲ್ಲಿ ಜೋರಾದರೆ ನೆಟ್ಟಗೆ ಹೊರಗೆ ಜಾರುತ್ತದೆ. ಆಗ ಸ್ಟೇರಿಂಗ್ ಇನ್ನಷ್ಟು ತಿರುಗಿಸುವ ಬದಲು ಆಕ್ಸಿಲರೇಟರ್ ಬಿಟ್ಟು ಮುಂಗಾಲಿಗೆ ಹಿಡಿತ ಬರಲು ಬಿಡಬೇಕು. ಇದನ್ನು ಒಮ್ಮೆ ಬಯಲಿನಲ್ಲಿ ಕಲಿತವರು ಮಳೆಗಾಲದ ರಸ್ತೆಯಲ್ಲೂ ಬದುಕಿಕೊಳ್ಳುತ್ತಾರೆ.

ಇಷ್ಟು ಒಳ್ಳೆಯ ವ್ಯವಸ್ಥೆಯ ಮೇಲಿನ ಮುಖ್ಯ ದೂರು ಅದರ ನಕ್ಷೆಯದು. ಕರ್ನಾಟಕದ ರ್ಯಾಲಿ ಎಂದರೆ ಹೆಚ್ಚಾಗಿ ಚಿಕ್ಕಮಗಳೂರು, ಕೊಡಗು, ಬೆಂಗಳೂರಿನ ಸುತ್ತಮುತ್ತ. ಅದಕ್ಕೆ ಕಾರಣವೂ ಇದೆ. ಕಾಫಿ ತೋಟಗಳ ಒಳಗೆ ಒಬ್ಬನೇ ಮಾಲೀಕನ ಹಿಡಿತದ ಉದ್ದದ ಮಣ್ಣು ರಸ್ತೆಗಳಿವೆ. ಗೇಟು ಮುಚ್ಚಿದರೆ ಹೊರಗಿನವರು ನುಗ್ಗುವಂತಿಲ್ಲ. ಕಬ್ಬಿನ ಸೀಮೆಯ ಹೊಲದ ದಾರಿ ಹತ್ತು ಮನೆತನಗಳ ನಡುವೆ ಹಾಯುತ್ತದೆ. ಹಾಗಾಗಿ ಚಿಕ್ಕೋಡಿಯ ಹುಡುಗ ಬೆಂಗಳೂರಿನ ಒಂದು ಆಟೊಕ್ರಾಸಿಗೆ ಹೋಗಿಬರಲು 1,100 ಕಿ.ಮೀ.ಗೂ ಹೆಚ್ಚು ಓಡಿಸಬೇಕು. ಲೀಟರಿಗೆ 15 ಕಿ.ಮೀ. ಕೊಡುವ ಕಾರಿಗೆ 70 ಲೀಟರಿಗಿಂತ ಹೆಚ್ಚು ಪೆಟ್ರೋಲು. ಓಟಕ್ಕೆ ಬೇಕಾಗುವುದು ಒಂದೆರಡು ಲೀಟರು! ಅಗ್ಗದ ಕ್ರೀಡೆಯನ್ನು ದೂರವೇ ದುಬಾರಿ ಮಾಡಿದೆ.

ಹತ್ತಿರದಲ್ಲಿ ಏನೂ ಇಲ್ಲವೆಂದಲ್ಲ. ನಿಪ್ಪಾಣಿಯಿಂದ ಗಡಿಯಾಚೆ, ಕೊಲ್ಹಾಪುರದ ಹುಪರಿ ರಸ್ತೆಯಲ್ಲಿ ಮೋಹಿತೆ ರೇಸಿಂಗ್ ಅಕಾಡೆಮಿಯ ಕಾರ್ಟಿಂಗ್ ಟ್ರ್ಯಾಕ್ ಇದ್ದು, ರಾಷ್ಟ್ರೀಯ ಮಟ್ಟದ ಸುತ್ತುಗಳನ್ನು ಕಂಡಿದೆ. ಬ್ರಿಟಿಷ್ ಎಫ್-3ವರೆಗೆ ಹೋದ ಕೃಷ್ಣರಾಜ ಮಹಾಡಿಕ್ ಕೊಲ್ಹಾಪುರದವರೇ. ತಿರುವಿನಲ್ಲಿ ಯಾವ ಗೆರೆ ಹಿಡಿಯಬೇಕು, ಎಲ್ಲಿ ಬ್ರೇಕ್ ಒತ್ತಬೇಕು ಎಂಬುದನ್ನು ಬಾಡಿಗೆ ಕಾರ್ಟಿನಲ್ಲಿ ಚೆನ್ನಾಗಿ ಕಲಿಯಬಹುದು. ಆದರೆ ಸ್ಪರ್ಧೆಯ ಕಾರ್ಟಿಂಗ್ ಬೇರೆಯೇ ಖರ್ಚಿನ ದಾರಿ. ಮನೆಯ ಕಾರಿಗೆ ಅಲ್ಲಿ ಕೆಲಸವಿಲ್ಲ. ಗೋವಾದಲ್ಲಿ ಮಳೆಗಾಲದಲ್ಲಿ ನಡೆಯುವ ರೇನ್‌ಫಾರೆಸ್ಟ್ ಚಾಲೆಂಜ್ ಎಂಬ ಆಫ್‌ರೋಡ್ ಸ್ಪರ್ಧೆ ಕೂಡ ವಿಂಚು ಕಟ್ಟಿದ ಜೀಪುಗಳವರದು.

ಹತ್ತಿರ ಕಣವಿಲ್ಲದಾಗ ವೇಗದ ಆಸೆ ನಿಪ್ಪಾಣಿಯ ಮೇಲೆ ಹಾಯುವ ರಾಷ್ಟ್ರೀಯ ಹೆದ್ದಾರಿ 48ಕ್ಕೆ ಹರಿಯುತ್ತದೆ. ಮೋಟಾರು ವಾಹನ ಕಾಯ್ದೆಯ 189ನೆಯ ಕಲಮಿನ ಪ್ರಕಾರ ಅನುಮತಿಯಿಲ್ಲದೆ ಸಾರ್ವಜನಿಕ ರಸ್ತೆಯಲ್ಲಿ ಪಂದ್ಯ ಕಟ್ಟಿದರೆ, 2019ರ ತಿದ್ದುಪಡಿಯ ನಂತರ, ಮೂರು ತಿಂಗಳವರೆಗೆ ಜೈಲು ಇಲ್ಲವೇ 5,000 ರೂಪಾಯಿವರೆಗೆ ದಂಡ ಇಲ್ಲವೇ ಎರಡೂ. ಕಾನೂನು ಇಲ್ಲದಿದ್ದರೂ ಅದು ತಪ್ಪೇ. ಎದುರಿಗೆ ಬರುವ ಬೈಕಿನವನು ಈ ಆಟಕ್ಕೆ ಒಪ್ಪಿ ಬಂದವನಲ್ಲ. ಪರವಾನಗಿ ಪಡೆದ ಓಟದಲ್ಲೂ ಎಚ್ಚರ ತಪ್ಪಿದರೆ ಗತಿ ಏನೆಂಬುದು 2019ರ ಸೆಪ್ಟೆಂಬರಿನಲ್ಲಿ ರಾಜಸ್ಥಾನದ ಬಾಡಮೇರ್ ಜಿಲ್ಲೆಯಲ್ಲಿ ಕಂಡಿತು. ರಾಷ್ಟ್ರೀಯ ರ್ಯಾಲಿಯ ಹಂತದೊಳಗೆ ಬಂದ ಬೈಕೊಂದಕ್ಕೆ ಕಾರು ಬಡಿದು ಒಂದೇ ಕುಟುಂಬದ ಮೂವರು ಸತ್ತರು. ಬೇಲಿ ಮತ್ತು ಕಾವಲು ಖರ್ಚಿನ ಪಟ್ಟಿಯಲ್ಲಿ ಕೊನೆಗೆ ಬರುವ ಬಾಬಲ್ಲ.

ಇನ್ನೊಂದು ವಿಷಯವನ್ನು ಪ್ರತಿಯೊಬ್ಬ ಹೊಸಬನಿಗೂ ಮೊದಲೇ ಹೇಳಬೇಕು. ಸಾಮಾನ್ಯ ಕಾರು ವಿಮೆಯ ಪಾಲಿಸಿಯಲ್ಲಿ ಸಂಘಟಿತ ಓಟ, ವೇಗ ಪರೀಕ್ಷೆಗಳಿಗೆ ರಕ್ಷಣೆ ಇಲ್ಲವೆಂದು ಬರೆದಿರುತ್ತದೆ. ಕಣದಲ್ಲಿ ಬಂಪರ್ ಹೋದರೆ ಅದು ಮಾಲೀಕನ ಜೇಬಿನದೇ. ಆದ್ದರಿಂದ ಬಜೆಟ್ ಹಾಕುವಾಗ ಪ್ರವೇಶ ಶುಲ್ಕ, ಪೆಟ್ರೋಲು, ಟೈರಿನ ಸವೆತದ ಜತೆಗೆ, ಸಣ್ಣ ಪೆಟ್ಟಿನ ರಿಪೇರಿಗೂ ಹಣ ತೆಗೆದಿಡಬೇಕು. ಅಪ್ಪನ ಸಾಲದ ಕಾರು ತಂದು ಓಡಿಸುವುದು ಸಲ್ಲದು.

ಜಾತ್ರೆಯ ಕಣವನ್ನೂ ಎಫ್‌ಎಂಎಸ್‌ಸಿಐ ದಾರಿಯನ್ನೂ ಹೀಗೆ ಎದುರುಬದುರು ಇಟ್ಟು ನೋಡಿದರೆ, ಒಂದರಲ್ಲಿರುವುದು ಇನ್ನೊಂದರಲ್ಲಿಲ್ಲ. ಜಾತ್ರೆಗೆ ಜನ ಇದ್ದಾರೆ, ಮಡ್ಡಿ ಬಯಲಿದೆ, ಕೈಚಳಕವಿದೆ, ಊರಿನ ಅಭಿಮಾನವಿದೆ; ಬೇಲಿ, ವೈದ್ಯ, ದಾಖಲೆ ಇಲ್ಲ. ಅಧಿಕೃತ ಕ್ರೀಡೆಗೆ ಇವೆಲ್ಲ ಇವೆ, ಆದರೆ ಅದು ಈ ಸೀಮೆಯಿಂದ ದೂರ. ಅದರ ರೋಡ್‌ಬುಕ್ಕು, ನಿಯಮಾವಳಿಗಳೂ ಇಂಗ್ಲಿಷಿನವು. ಇವೆರಡನ್ನು ಬೆಸೆಯಲು ಬೇಕಾದದ್ದು ಒಂದು ಸ್ಥಳೀಯ ಕ್ಲಬ್ಬು. ಮೆಕ್ಯಾನಿಕಲ್ ಓದುವ ವಿದ್ಯಾರ್ಥಿಗಳು ಚಿಕ್ಕೋಡಿ, ನಿಪ್ಪಾಣಿಗಳ ಎಂಜಿನಿಯರಿಂಗ್ ಕಾಲೇಜುಗಳಲ್ಲಿದ್ದಾರೆ. ಕಾರು ಪರೀಕ್ಷಿಸುವ, ಸಮಯ ಬರೆಯುವ ಕೆಲಸಕ್ಕೆ ಅವರೇ ಸಾಕು.

ಕಾಲವನ್ನೂ ಇಲ್ಲಿನ ನೆಲವೇ ಗೊತ್ತುಮಾಡುತ್ತದೆ. ಎರೆ ಮಣ್ಣು ಮಳೆಗೆ ಅಂಟಾಗುತ್ತದೆ. ಕಬ್ಬು ನುರಿಸುವ ಹಂಗಾಮಿನಲ್ಲಿ ರಸ್ತೆಗಳು ಟ್ರ್ಯಾಕ್ಟರುಗಳವು. ಹಂಗಾಮು ಮುಗಿದು ಮುಂಗಾರು ಹಿಡಿಯುವ ಮುನ್ನಿನ ವಾರಗಳು ಖಾಲಿ. ಆಗ ಅಥಣಿ ಕಡೆಯ ಯಾವುದಾದರೂ ಒಣ ಮಡ್ಡಿಯಲ್ಲಿ, ಬೆಳಿಗ್ಗೆ ಬಿಸಿಲೇರುವ ಮೊದಲು, ಒಂದೇ ದಾರಿಯಲ್ಲಿ ಮೊದಲು ಕಾರುಗಳ ಆಟೊಕ್ರಾಸ್, ಆಮೇಲೆ ಟ್ರ್ಯಾಕ್ಟರುಗಳ ಹಿಮ್ಮುಖ ಓಟ ಇಡಬಹುದು. ಎರಡಕ್ಕೂ ಅವೇ ಕೋನುಗಳು, ಅದೇ ಗಡಿಯಾರ, ಅದೇ ಆಂಬುಲೆನ್ಸ್, ಕನ್ನಡ ಮತ್ತು ಮರಾಠಿಯಲ್ಲಿ ಬರೆದು ಅಂಟಿಸಿದ ಅದೇ ನಿಯಮ. ಟಿಎಸ್‌ಡಿ ರ್ಯಾಲಿಗೆ ಸಾರ್ವಜನಿಕ ರಸ್ತೆಯ ಅನುಮತಿ, ತಪಾಸಣೆ ಠಾಣೆಗಳಿಗೆ ಹತ್ತಾರು ಸ್ವಯಂಸೇವಕರು ಬೇಕು. ಅದು ಎರಡನೆಯ ವರ್ಷದ ಕೆಲಸ. ಮೊದಲ ವರ್ಷ ಒಂದು ಮಡ್ಡಿ, ಒಂದು ಬೇಲಿ, ಒಪ್ಪುವ ಒಂದು ಜಾತ್ರಾ ಕಮಿಟಿ ಸಿಕ್ಕರೆ ಆರಂಭಿಸಬಹುದು.