ಧ್ಯಾನ ಮೊದಲು ಯಾರು ಮಾಡಬೇಕು?

ಆಯುಷ್ ಸಚಿವಾಲಯದ ‘ವೈ-ಬ್ರೇಕ್’ ಎಂಬ ಐದು ನಿಮಿಷದ ಯೋಗಾಭ್ಯಾಸ ಮೊಬೈಲ್ ಆ್ಯಪ್ ಆಗಿ ಬಂದದ್ದು 2021ರ ಸೆಪ್ಟೆಂಬರಿನಲ್ಲಿ. ಒಂದೆರಡು ಆಸನ, ಸ್ವಲ್ಪ ಪ್ರಾಣಾಯಾಮ, ಕೊನೆಗೆ ಕಣ್ಣು ಮುಚ್ಚಿ ಧ್ಯಾನ. ಸರ್ಕಾರಿ ನೌಕರರು ಇದನ್ನು ಬಳಸಿಕೊಳ್ಳಲಿ ಎಂದು ಕೇಂದ್ರದ ಸಿಬ್ಬಂದಿ ಇಲಾಖೆಯೂ ಹೇಳಿತು. ಅಭ್ಯಾಸದಲ್ಲಿ ದೋಷವಿಲ್ಲ. ದಿನವಿಡೀ ಕಡತದ ಮುಂದೆ ಕೂರುವವರಿಗೆ ಒಳ್ಳೆಯದೇ. ಆದರೆ ವಿಜಯಪುರ ಜಿಲ್ಲೆಯ ಟಿಕೋಟಾ ತಾಲ್ಲೂಕಿನ ಘೋಣಸಗಿಯಂಥ ಊರಿನಲ್ಲಿ, ಬಿಸಿಲೇರುವ ಮೊದಲು ತೋಟದ ವಸ್ತಿಗಳನ್ನು ಸುತ್ತಿ ಬಾಣಂತಿಯರನ್ನು ನೋಡಿಕೊಂಡು ಬರಬೇಕಾದ ಆಶಾ ಕಾರ್ಯಕರ್ತೆಗೆ ಎದ್ದು ನಿಲ್ಲಲು ಕುರ್ಚಿಯಾದರೂ ಎಲ್ಲಿದೆ?

ಈ ಐದು ನಿಮಿಷದ ಅಣ್ಣನೇ ‘ಒತ್ತಡ ನಿರ್ವಹಣಾ ಕಾರ್ಯಾಗಾರ’. ಆರೋಗ್ಯ ಸಿಬ್ಬಂದಿಗೆಂದು ಇದು ಈಗ ಎಲ್ಲ ಕಡೆ ನಡೆಯುತ್ತದೆ. ಬ್ಯಾನರ್, ಸಸಿಗೆ ನೀರು, ಸಂಪನ್ಮೂಲ ವ್ಯಕ್ತಿಯ ಉಪನ್ಯಾಸ, ಹತ್ತು ನಿಮಿಷ ಉಸಿರಿನ ಮೇಲೆ ಗಮನ, ಗ್ರೂಪ್ ಫೋಟೊ, ಉಪ್ಪಿಟ್ಟು. ಕಣ್ಣು ಮುಚ್ಚಿ ಕೂತವರು ನರ್ಸುಗಳು, ಆಶಾಗಳು, ಲ್ಯಾಬ್ ಟೆಕ್ನಿಷಿಯನ್ನರು. ಉದ್ಘಾಟನೆ ಮಾಡಿದ ಸಾಹೇಬರು ಅಷ್ಟರಲ್ಲಿ ಬೇರೆ ಮೀಟಿಂಗಿಗೆ ಹೊರಟಿರುತ್ತಾರೆ. ನನ್ನ ಮೊದಲ ತಕರಾರು ಇದೇ.

ಆ ಸಾಹೇಬರು ಹೋದ ಮೀಟಿಂಗನ್ನೇ ನೋಡೋಣ. ಪ್ರಗತಿ ಪರಿಶೀಲನೆ ಎಂದು ಅದರ ಹೆಸರು. ಪರದೆಯ ಮೇಲೆ ಉಪಕೇಂದ್ರಗಳ ಪಟ್ಟಿ, ಎದುರಿಗೆ ಶೇಕಡಾವಾರು, ಕಡಿಮೆ ಇದ್ದದ್ದಕ್ಕೆ ಕೆಂಪು ಬಣ್ಣ. ಕೆಂಪಿನವರು ಎದ್ದು ನಿಲ್ಲಬೇಕು. ನಮ್ಮ ಕಡೆ ಅಲ್ಲಿನ ಮಾತು ಹೆಚ್ಚುಕಡಿಮೆ ಹೀಗಿರುತ್ತದೆ: “ಯಾಕ್ರೀ ಸಿಸ್ಟರ್, ಗರ್ಭಿಣಿಯರ ತಪಾಸಣೆ ಇಷ್ಟ ಕಡಿಮಿ ಯಾಕ ಆಗ್ಯದ?” “ಸರ್, ಆರು ಮನಿ ಮಂದಿ ಕಬ್ಬ ಕಡ್ಯಾಕ ಹೋಗ್ಯಾರ್ರೀ, ಊರಾಗ ಇಲ್ರೀ.” “ನೆಪ ಹೇಳಬ್ಯಾಡ್ರಿ. ನಾಳಿಗೆ ಎಂಟ್ರಿ ಆಗಿರಬೇಕು.”

ಇಲ್ಲಿ ಸಿಸ್ಟರ್ ಹೇಳಿದ್ದು ನೆಪವಲ್ಲ, ವರದಿ. ಆರು ಕುಟುಂಬಗಳು ಊರು ಬಿಟ್ಟಿವೆ. ಅವುಗಳಲ್ಲಿ ಬಸುರಿಯರಿದ್ದಾರೆ. ಕಬ್ಬಿನ ಗದ್ದೆಯ ಪಕ್ಕದ ಗುಡಿಸಲಿನಲ್ಲಿ ಅವರ ರಕ್ತದೊತ್ತಡ ನೋಡುವವರಿಲ್ಲ. ಹೋದದ್ದು ಯಾವ ಕಾರ್ಖಾನೆಯ ಸೀಮೆಗೆ, ತಾಯಿ ಕಾರ್ಡ್ ಜೊತೆಗೆ ಒಯ್ದಿದ್ದಾರೆಯೇ, ಅಲ್ಲಿನ ಆಶಾಗೆ ಒಂದು ಫೋನ್ ಮಾಡಬಹುದೇ? ಗಮನವಿದ್ದ ಅಧಿಕಾರಿ ಕೇಳಬೇಕಿದ್ದ ಪ್ರಶ್ನೆಗಳು ಇವು. ಕೇಳಲಿಲ್ಲ. ಮುಂದಿನ ತಿಂಗಳು ಸಿಸ್ಟರ್ ಬಾಯಿ ಬಿಡುವುದಿಲ್ಲ. ಅಂಕಿ ಹಸಿರಾಗಿರುತ್ತದೆ, ಅದು ಹೇಗೆ ಹಸಿರಾಯಿತೆಂದು ಯಾರೂ ವಿಚಾರಿಸುವುದಿಲ್ಲ.

ಹಾರ್ವರ್ಡ್‌ನ ಏಮಿ ಎಡ್ಮಂಡ್ಸನ್ 1990ರ ದಶಕದಲ್ಲಿ ಅಮೆರಿಕದ ಆಸ್ಪತ್ರೆಗಳಲ್ಲಿ ಔಷಧ ಕೊಡುವಾಗ ಆಗುವ ತಪ್ಪುಗಳನ್ನು ಅಧ್ಯಯನ ಮಾಡಿದರು. ಒಳ್ಳೆಯ ಮುಖ್ಯಸ್ಥರಿದ್ದ ವಾರ್ಡುಗಳಲ್ಲಿ ತಪ್ಪು ಕಡಿಮೆ ಇರಬೇಕು ಎಂಬುದು ಊಹೆ. ಲೆಕ್ಕದಲ್ಲಿ ಅಲ್ಲೇ ಹೆಚ್ಚು ಕಂಡಿತು. ಅಲ್ಲಿನ ನರ್ಸುಗಳು ಹೆಚ್ಚು ತಪ್ಪು ಮಾಡುತ್ತಿರಲಿಲ್ಲ, ಆದದ್ದನ್ನು ಹೇಳಿಕೊಳ್ಳಲು ಹೆದರುತ್ತಿರಲಿಲ್ಲ ಎಂಬ ವಿವರಣೆಗೆ ಅವರು ಬಂದರು. ಬೈಗುಳ ಬೀಳುವ ವಾರ್ಡಿನಲ್ಲಿ ರಿಜಿಸ್ಟರ್ ಶುಭ್ರ. ನಮ್ಮ ಕೇಂದ್ರ ಸರ್ಕಾರದ ತಾಯಿಮರಣ ಪರಿಶೀಲನೆಯ ಮಾರ್ಗಸೂಚಿಯೂ ಯಾರ ಮೇಲೂ ಗೂಬೆ ಕೂರಿಸಬಾರದು, ಕಾರಣ ಹುಡುಕಬೇಕು ಎನ್ನುತ್ತದೆ. ಕಾಗದದ ಮೇಲೆ ನಾವು ಎಂದೂ ಹಿಂದೆ ಬಿದ್ದವರಲ್ಲ.

ಇನ್ನು ಧ್ಯಾನದ ಮಾತು. ಇಂದು ಆಸ್ಪತ್ರೆ, ಕಂಪನಿಗಳಲ್ಲಿ ಹೇಳಿಕೊಡುವ ಸಾವಧಾನ ಧ್ಯಾನದ ಬೇರು 1979ರಲ್ಲಿದೆ. ಜಾನ್ ಕಬಾಟ್-ಝಿನ್ ಅದನ್ನು ಮೆಸಾಚುಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಶಾಲೆಯಲ್ಲಿ ಶುರು ಮಾಡಿದರು. ಸಿಬ್ಬಂದಿಗಲ್ಲ, ವಾಸಿಯಾಗದ ನೋವಿನ ರೋಗಿಗಳಿಗೆ. ಎಂಟು ವಾರದ ಪಾಠ, ಜೊತೆಗೆ ದಿನವೂ ಮನೆಯಲ್ಲಿ ಸಾಧನೆ. ಅದನ್ನೇ ನಾವು ಒಂದು ಮುಂಜಾನೆಗೆ ಇಳಿಸಿಕೊಂಡಿದ್ದೇವೆ.

ವೈದ್ಯರ ಮೇಲೆ ಪ್ರಯೋಗಗಳು ನಡೆದಿಲ್ಲವೆಂದಲ್ಲ. ಅಮೆರಿಕದ ರಾಚೆಸ್ಟರ್‌ನಲ್ಲಿ 70 ವೈದ್ಯರ ಮೇಲೆ ನಡೆದ, 2009ರಲ್ಲಿ ಪ್ರಕಟವಾದ ಅಧ್ಯಯನವನ್ನು ಧ್ಯಾನದ ಪರ ವಾದಿಸುವವರು ಉದಾಹರಿಸುತ್ತಾರೆ. ಬಳಲಿಕೆ ತಗ್ಗಿತು, ರೋಗಿಗಳ ಬಗೆಗಿನ ಕನಿಕರ ಹೆಚ್ಚಿತು ಎಂಬುದು ನಿಜ. ಆದರೆ ಹೋಲಿಸಿ ನೋಡಲು ಇನ್ನೊಂದು ಗುಂಪು ಇರಲಿಲ್ಲ. ಎಂಟು ವಾರದ ನಂತರವೂ ಹತ್ತು ತಿಂಗಳು ಅವರು ಸೇರುತ್ತಿದ್ದರು. ಸೇರಿದಾಗ ಬರೀ ಉಸಿರು ನೋಡುತ್ತಿರಲಿಲ್ಲ, ತಮ್ಮ ರೋಗಿಗಳ ಕಥೆಗಳನ್ನು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದರು. ಕೆಲಸ ಮಾಡಿದ್ದು ಧ್ಯಾನವೋ ಸಹೋದ್ಯೋಗಿಯ ಕಿವಿಯೋ? ನನ್ನ ಒಲವು ಎರಡನೆಯದರ ಕಡೆ. 2024ರಲ್ಲಿ ಆಕ್ಸ್‌ಫರ್ಡ್‌ನ ವಿಲಿಯಂ ಫ್ಲೆಮಿಂಗ್ ಬ್ರಿಟನ್ನಿನ 233 ಸಂಸ್ಥೆಗಳ 46,336 ನೌಕರರ ಮಾಹಿತಿ ಪರಿಶೀಲಿಸಿದರು. ಧ್ಯಾನ, ಒತ್ತಡ ತರಬೇತಿ, ಆ್ಯಪ್‌ಗಳಲ್ಲಿ ಪಾಲ್ಗೊಂಡವರು ಪಾಲ್ಗೊಳ್ಳದವರಿಗಿಂತ ನೆಮ್ಮದಿಯಾಗೇನೂ ಇರಲಿಲ್ಲ. ಅದು ಆಸ್ಪತ್ರೆಗಳದ್ದೇ ಅಧ್ಯಯನವಲ್ಲ, ಆದರೂ ಆಯೋಜಕರು ಒಮ್ಮೆ ಓದಬೇಕಾದದ್ದು.

ಧ್ಯಾನ ನಮ್ಮ ಸೀಮೆಗೆ ಹೊರಗಿನ ಸರಕಲ್ಲ. ಇದೇ ಟಿಕೋಟಾ ಸೀಮೆಯ ಬಿಜ್ಜರಗಿಯಲ್ಲಿ ಹುಟ್ಟಿ, ವಿಜಯಪುರದ ಜ್ಞಾನಯೋಗಾಶ್ರಮದಿಂದ ನಾಡು ಸುತ್ತಿದ ಸಿದ್ಧೇಶ್ವರ ಸ್ವಾಮೀಜಿ ದಶಕಗಳ ಕಾಲ ಬೆಳಗಿನ ಪ್ರವಚನಗಳಲ್ಲಿ ಮನಸ್ಸಿನ ಮಾತನ್ನೇ ಆಡಿದರು. 2018ರಲ್ಲಿ ಪದ್ಮಶ್ರೀ ಬೇಡವೆಂದರು. ಜೇಬಿಲ್ಲದ ಅಂಗಿ ತೊಟ್ಟರು. 2023ರ ಜನವರಿ 2ರಂದು ತೀರಿಕೊಂಡಾಗ, ಸ್ಮಾರಕ ಕಟ್ಟಬೇಡಿ ಎಂದು ಬರೆದಿಟ್ಟು ಹೋಗಿದ್ದರು. ಅವರನ್ನು ಕೇಳಿ ಬೆಳೆದ ಜನಕ್ಕೆ ಒಂದು ಮಾತು ಗೊತ್ತು: ಹೇಳುವವನು ಮೊದಲು ತಾನು ಮಾಡಿ ತೋರಿಸಬೇಕು. ಕಾರ್ಯಾಗಾರ ಸೋಲುವುದು ಈ ಅಳತೆಯಲ್ಲಿ. ಅದು ಸಾಧನೆಯನ್ನು ಕೆಳಗಿನವರಿಗೆ ವಹಿಸಿ, ಮೇಲಿನವರಿಗೆ ರಜೆ ಕೊಡುತ್ತದೆ.

ಇದು ಬರೀ ಮರ್ಯಾದೆಯ ಪ್ರಶ್ನೆಯಲ್ಲ. 2020ರ ಆಗಸ್ಟ್‌ನಲ್ಲಿ, ಕೊರೊನಾ ಏರುಗಾಲದಲ್ಲಿ, ನಂಜನಗೂಡಿನ ತಾಲ್ಲೂಕು ಆರೋಗ್ಯಾಧಿಕಾರಿ ಆತ್ಮಹತ್ಯೆ ಮಾಡಿಕೊಂಡರು. ಪರೀಕ್ಷೆಗಳ ಗುರಿ ಮುಟ್ಟುವಂತೆ ಮೇಲಿನಿಂದ ತೀವ್ರ ಒತ್ತಡವಿತ್ತು ಎಂದು ಆರೋಪಿಸಿ ಸರ್ಕಾರಿ ವೈದ್ಯರು ಬೀದಿಗಿಳಿದರು, ಸರ್ಕಾರ ತನಿಖೆಗೆ ಆದೇಶಿಸಿತು. ಒಂದು ಸಾವಿಗೆ ಒಂದೇ ಕಾರಣವಿರುತ್ತದೆಂದು ನಾನು ಹೇಳುವುದಿಲ್ಲ. ಆದರೆ ಆ ದಿನಗಳಲ್ಲಿ ರಾಜ್ಯದ ವೈದ್ಯರು ಕೇಳಿದ್ದು ಪ್ರಾಣಾಯಾಮದ ತರಗತಿಯನ್ನಲ್ಲ, ಗದರದೆ ಮಾತಾಡುವ ಅಧಿಕಾರಿಯನ್ನು, ಮುಟ್ಟಬಹುದಾದ ಗುರಿಯನ್ನು.

ಕೆಲಸದ ಬಳಲಿಕೆಯನ್ನು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಕಾಯಿಲೆ ಎನ್ನಲಿಲ್ಲ, ಉದ್ಯೋಗಕ್ಕೆ ಸಂಬಂಧಿಸಿದ ಸ್ಥಿತಿ ಎಂದಿತು. ಅಂದರೆ ಮದ್ದು ಹಾಕಬೇಕಾದದ್ದು ಉದ್ಯೋಗಕ್ಕೂ. ಸ್ನಾತಕೋತ್ತರ ಓದುವ ವೈದ್ಯರ ಕೆಲಸ ಸಾಮಾನ್ಯವಾಗಿ ವಾರಕ್ಕೆ 48 ಗಂಟೆ ಮೀರಬಾರದೆಂದು 1992ರಲ್ಲೇ ಕೇಂದ್ರ ಸರ್ಕಾರ ಹೇಳಿತ್ತು. ವೈದ್ಯ ವಿದ್ಯಾರ್ಥಿಗಳ ಮಾನಸಿಕ ಆರೋಗ್ಯಕ್ಕೆಂದೇ ಕೂತ ರಾಷ್ಟ್ರೀಯ ಕಾರ್ಯಪಡೆ 2024ರಲ್ಲಿ ಶಿಫಾರಸು ಮಾಡಿದ ಮಿತಿ 74 ಗಂಟೆ. ಮೂವತ್ತೆರಡು ವರ್ಷದಲ್ಲಿ ಮಿತಿಯೇ ಏರಿದೆ, ಅದೂ ಮಾನಸಿಕ ಆರೋಗ್ಯದ ಹೆಸರಿನಲ್ಲಿ. ಇತ್ತ ಆಶಾ ಕಾರ್ಯಕರ್ತೆಯರು 2025ರ ಜನವರಿಯ ಚಳಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಹಗಲುರಾತ್ರಿ ಕೂತ ಮೇಲೆ ತಿಂಗಳಿಗೆ 10,000 ರೂಪಾಯಿಯ ಭರವಸೆ ಸಿಕ್ಕಿತು. ಆ ಹಣದ ಖಾತ್ರಿ ಕೊಡುವ ನೆಮ್ಮದಿಯನ್ನು ಯಾವ ಉಸಿರಾಟವೂ ಕೊಡದು.

ಹಾಗಾದರೆ ಧ್ಯಾನ ಬೇಡವೇ? ಬೇಕು. ಇಷ್ಟಪಟ್ಟವರು ಮಾಡಲಿ, ಹಾಜರಿ ಹಾಕಿಸಿ ಬೇಡ. ಮನಸ್ಸು ಭಾರವಾದವರಿಗೆ ಟೆಲಿ-ಮಾನಸ್ ಸಹಾಯವಾಣಿ 14416 ಕನ್ನಡದಲ್ಲೂ ಸಿಗುತ್ತದೆ, ಸಂಕೋಚ ಬಿಟ್ಟು ಕರೆ ಮಾಡಲಿ. ಒಬ್ಬರ ವೈಯಕ್ತಿಕ ಆಸರೆಯಾಗಿ ಧ್ಯಾನಕ್ಕೆ ನಾನು ಪೂರ್ಣ ಅಂಕ ಕೊಡುತ್ತೇನೆ, ಇಲಾಖೆಯ ಉಪಾಯವಾಗಿ ಅದು ನಪಾಸು. ವಿಜಯಪುರ ಜಿಲ್ಲೆಯಲ್ಲಿ ಮುಂದಿನ ಕಾರ್ಯಾಗಾರ ಏರ್ಪಡಿಸುವವರಲ್ಲಿ ವಿನಂತಿ ಇಷ್ಟೇ: ಮೊದಲ ಸಾಲಿನ ಕುರ್ಚಿಗಳಲ್ಲಿ ಪ್ರಗತಿ ಪರಿಶೀಲನೆ ನಡೆಸುವ ಅಧಿಕಾರಿಗಳನ್ನು ಕೂರಿಸಿ, ಪೂರ್ತಿ ದಿನ. ಮಧ್ಯಾಹ್ನದ ಅವಧಿಯಲ್ಲಿ ಸಿಸ್ಟರ್‌ಗಳು ಮಾತಾಡಲಿ, ಅಧಿಕಾರಿಗಳು ಬರೆದುಕೊಳ್ಳಲಿ. ರಾತ್ರಿ ಒಂಬತ್ತರ ಮೇಲೆ ವಾಟ್ಸ್‌ಆ್ಯಪ್ ಗುಂಪಿಗೆ ‘ಎಂಟ್ರಿ ಯಾಕಾಗಿಲ್ಲ’ ಎಂದು ಹಾಕುವುದನ್ನು ಅವತ್ತಿನಿಂದಲೇ ನಿಲ್ಲಿಸಿ. ಇದಕ್ಕೆ ಅನುದಾನವೂ ಬೇಡ, ಸಂಪನ್ಮೂಲ ವ್ಯಕ್ತಿಯೂ ಬೇಡ.