ಕಾಗುಣಿತ ತಪ್ಪು ಯಾರದ್ದು?

‘ಕಥೆಗೆ ಕೊನೆಯೇ ಇಲ್ಲ, ಕಾಗುಣಿತವೂ ಸಡಿಲ.’ ಜಾಲತಾಣವೊಂದರ ಪುಟ್ಟ ಕಥೆಗಳ ಸ್ಪರ್ಧೆಗೆ ಬಂದಿದ್ದ ಒಂದು ಕಥೆಯ ಮೇಲೆ ನಾನೇ ಬರೆದ ಷರಾ ಇದು. ತೀರ್ಪು ಕೊಡುವಾಗ ಕಥೆಗಾರರ ಹೆಸರು ನಮಗೆ ತೋರಿಸಿರಲಿಲ್ಲ. ಆಮೇಲೆ ತಿಳಿಯಿತು, ಬರೆದವರು ಇಲ್ಲೇ ಕೊಯಾಲಿಯಲ್ಲಿ ನಮ್ಮ ಪಕ್ಕದ ಬೀದಿಯವರು. ಧಾರವಾಡದ ಕಡೆಯವರು. ಯಜಮಾನರು ರಿಫೈನರಿಯಲ್ಲಿ ದುಡಿದು ನಿವೃತ್ತರಾದವರು.

ಅವರ ಮನೆಗೆ ಹೋದಾಗ ಫೋನಿನಲ್ಲಿದ್ದ ಮೂಲಪ್ರತಿ ತೋರಿಸಿದರು. ಕೊನೆ ಇತ್ತು, ಚೆನ್ನಾಗಿಯೂ ಇತ್ತು. ಕಾಗುಣಿತವೂ ಸರಿಯಾಗಿತ್ತು. ‘ನನಗ ಈ ಫೋನಿನಾಗ ಬರಿಯಾಕ ಬರಂಗಿಲ್ಲ ಬಿಡಪಾ’ ಅಂದರು. ತಪ್ಪನ್ನು ತಮ್ಮ ಮೇಲೆ ಹಾಕಿಕೊಂಡುಬಿಟ್ಟಿದ್ದರು.

ನಡೆದದ್ದು ಇಷ್ಟು. ಆ ತಾಣದಲ್ಲಿ ಕನ್ನಡ ಟೈಪಿಸಲು ಅದರದೇ ಒಂದು ಪೆಟ್ಟಿಗೆ ಇದೆ. ಒತ್ತಿದ ಕೀಲಿಯ ಸಂಖ್ಯೆ ನೋಡಿ ಅದು ಅಕ್ಷರ ಮೂಡಿಸುತ್ತದೆ. ಲ್ಯಾಪ್‌ಟಾಪಿನಲ್ಲಿ ಸರಿ. ಆಂಡ್ರಾಯ್ಡ್ ಫೋನಿನ ಕ್ರೋಮ್‌ನಲ್ಲಿ ಪರದೆಯ ಕೀಲಿಮಣೆ ಬಳಸಿದರೆ, ಹೆಚ್ಚುಕಡಿಮೆ ಯಾವ ಕೀಲಿ ಒತ್ತಿದರೂ ಪುಟಕ್ಕೆ ಸಿಗುವುದು 229 ಎಂಬ ಒಂದೇ ಸಂಖ್ಯೆ. ಪೆಟ್ಟಿಗೆ ಸುಮ್ಮನೆ ಕೂರುತ್ತದೆ. ಹಾಗಾಗಿ ಅವರು ಬೇರೆ ಕಡೆ ಬರೆದು ತಂದು ಪೇಸ್ಟ್ ಮಾಡಿದರು.

ಮಿತಿ 2000 ಅಕ್ಷರ. ಅವರು ಎಣಿಸಿಯೇ ಬರೆದಿದ್ದರು. ಆದರೆ ಬ್ರೌಸರ್ ಎಣಿಸುವುದು ನಮ್ಮ ಅಕ್ಷರಗಳನ್ನಲ್ಲ, ಸಂಕೇತಗಳನ್ನು. ‘ಸ್ತ್ರೀ’ ನಮಗೆ ಒಂದಕ್ಷರ. ಅದಕ್ಕೆ ಸ, ವಿರಾಮ, ತ, ವಿರಾಮ, ರ, ದೀರ್ಘ ಈಕಾರ ಸೇರಿ ಆರು. ಮಿತಿ ಮೀರಿದ್ದನ್ನು ಅದು ಹೇಳದೆ ಕೇಳದೆ ಕತ್ತರಿಸಿತು. ಕಥೆಯ ಕೊನೆಯ ಪ್ಯಾರಾ ಹಾಗೆ ಹೋಯಿತು.

ಇನ್ನು ಕಾಗುಣಿತ. ಕಥೆಯಲ್ಲಿ ಗಂಡ ಹೆಂಡತಿ ರಾಜ್‌ಕುಮಾರ್ ಸಿನಿಮಾಗೆ ಹೋಗುತ್ತಾರೆ. ‘ಜ್’ ಮತ್ತು ‘ಕು’ ಒಂದರ ಕೆಳಗೊಂದು ಅಂಟದಂತೆ ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತ ಇರಬೇಕು. ತಾಣದ ತಂತ್ರಾಂಶ ಅದನ್ನು ಕಸವೆಂದು ಗುಡಿಸಿತು. ಉಳಿದದ್ದು ‘ರಾಜ್ಕುಮಾರ್’. ನಾನು ಕೆಂಪು ಗೆರೆ ಎಳೆದದ್ದು ಅಲ್ಲೇ.

ಇದು ಒಂದು ತಾಣದ ಅಜಾಗರೂಕತೆ ಮಾತ್ರವೂ ಅಲ್ಲ. ಒತ್ತಕ್ಷರವನ್ನು ಒಡೆಯದೆ ಒಂದೇ ಘಟಕವಾಗಿ ಎಣಿಸುವ ನಿಯಮವನ್ನು ಯುನಿಕೋಡ್ 2023ರ 15.1ನೇ ಆವೃತ್ತಿಯಲ್ಲಿ ತಂದಿತು. ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ ಅದರಲ್ಲಿ ಸೇರಿದವು. ಕನ್ನಡ ಸೇರಲಿಲ್ಲ. ಅಂದರೆ ‘ಸ್ತ್ರೀ’ ಎಂಬ ಅದೇ ಪದ ಕೊಯಾಲಿಯ ಅಂಗಡಿ ಬೋರ್ಡಿನ ಲಿಪಿಯಲ್ಲಿ ಒಂದು ಘಟಕ, ನಮ್ಮ ಲಿಪಿಯಲ್ಲಿ ಮೂರು. ಕಥೆಯ ಮೊದಲಕ್ಷರವನ್ನು ದೊಡ್ಡದಾಗಿ ತೋರಿಸುವ ಪುಟಗಳಲ್ಲಿ ಒತ್ತಕ್ಷರ ಒಡೆದು ಕಾಣುವ ಅಪಾಯ ಇರುವುದು ಇಂಥ ಲೆಕ್ಕದಿಂದಲೇ.

ಹಿಂದೆ ಇದಕ್ಕಿಂತ ಕಷ್ಟವಿತ್ತು, ನಿಜ. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚೂರುಗಳನ್ನು ಕೂರಿಸಿದ ಫಾಂಟುಗಳ ಕಾಲದಲ್ಲಿ, ಫಾಂಟ್ ಇಲ್ಲದಿದ್ದರೆ ಪುಟವೆಲ್ಲ ಅರ್ಥವಿಲ್ಲದ ಇಂಗ್ಲಿಷ್. ಮೈಕ್ರೋಸಾಫ್ಟಿನ ಡೈನಮಿಕ್ ಫಾಂಟ್ ನೆಚ್ಚಿದ ತಾಣಗಳು ಇಂಟರ್ನೆಟ್ ಎಕ್ಸ್‌ಪ್ಲೋರರ್ ಬಿಟ್ಟು ಬೇರೆಲ್ಲೂ ಕಾಣುತ್ತಿರಲಿಲ್ಲ. ಆಗ ಕೆಟ್ಟದ್ದು ಎದ್ದು ಕಾಣುತ್ತಿತ್ತು, ಓದುಗ ಯಂತ್ರವನ್ನು ಬೈಯುತ್ತಿದ್ದ. ಈಗ ಕೆಟ್ಟದ್ದೂ ಕನ್ನಡದಂತೆಯೇ ಕಾಣುತ್ತದೆ, ಅದಕ್ಕೇ ಬೈಗುಳ ಬರೆದವರಿಗೆ.

ಹೊಸ ಬರಹಗಾರರ ಭಾಷೆ ಕೆಟ್ಟಿದೆ ಎಂದು ನಾವು ವಿಮರ್ಶೆ ಬರೆಯುವವರು ಸಲೀಸಾಗಿ ಹೇಳುತ್ತೇವೆ. ಇಪ್ಪತ್ತು ವರ್ಷ ತಂತ್ರಾಂಶದಲ್ಲೇ ಕೆಲಸ ಮಾಡಿದ ನನಗೂ ಆ ಷರಾ ಬರೆಯುವಾಗ ಅನುಮಾನ ಬರಲಿಲ್ಲ. ಹಳೆಯ ಕೃತಿಗಳನ್ನು ಓದುವಾಗ ಲಿಪಿಕಾರನ ತಪ್ಪು ಯಾವುದು, ಕವಿಯ ತಪ್ಪು ಯಾವುದು ಎಂದು ಬೇರ್ಪಡಿಸುತ್ತೇವೆ. ಇಂದಿನ ಲಿಪಿಕಾರ ಬ್ರೌಸರ್. ಮೂಲಪ್ರತಿ ಕೇಳದೆ ಕಾಗುಣಿತದ ಮೇಲೆ ತೀರ್ಪು ಕೊಡಬಾರದು.

ಇ-ಪತ್ರಿಕೆ ನಡೆಸುವವರಿಗೂ ಒಂದು ಮಾತು. ನಿಮ್ಮ ತಾಣವನ್ನು ಅಗ್ಗದ ಫೋನೊಂದರಲ್ಲಿ ತೆರೆದು ‘ಸ್ತ್ರೀ’, ‘ರಾಜ್‌ಕುಮಾರ್’, ‘ರ‍್ಯಾಂಕ್’ ಎಂದು ಬರೆದು ಕಳಿಸಿ ನೋಡಿ. ಬರೆದದ್ದು ಬರೆದ ಹಾಗೆ ಬಂದರೆ ಆಮೇಲೆ ಕಥೆ ಆಹ್ವಾನಿಸಿ.

ನನ್ನ ಷರಾ ಹಿಂಪಡೆದೆ. ಸ್ಪರ್ಧೆ ಮುಗಿದಿತ್ತು, ಉಪಯೋಗವಾಗಲಿಲ್ಲ. ಮುಂದಿನ ಕಥೆಯನ್ನು ಅವರು ನೋಟ್‌ಬುಕ್ಕಿನಲ್ಲಿ ಪೆನ್ನಿನಿಂದ ಬರೆಯುತ್ತಿದ್ದಾರೆ. ಟೈಪಿಸುವ ಕೆಲಸ ನನ್ನದು.